ಎದುರು ಮನೆಯ ಕಾರು, ನಮ್ಮ ಮನೆಯ ಕಂತು: ನೋಡಿ ಮಾಡುವ ಖರ್ಚಿಗೆ ಕಡಿವಾಣ ಹಾಕುವ ಬಗೆ

ಎದುರು ಮನೆಗೆ ಹೊಸ ಕಾರು ಬಂತು. ಬಾನೆಟ್ ಮೇಲೆ ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು, ಸಂಜೆ ನಿಮ್ಮ ಮನೆಗೂ ಒಂದು ಪೇಡೆ ಡಬ್ಬಿ. ರಾತ್ರಿ ಊಟ ಮುಗಿದ ಮೇಲೆ ಅದೇ ಕಾರಿನ ಆನ್‌ರೋಡ್ ಬೆಲೆ ಎಷ್ಟೆಂದು ಫೋನಿನಲ್ಲಿ ಹುಡುಕುತ್ತೀರಿ. ಬೆಳಿಗ್ಗೆವರೆಗೂ ನಿಮ್ಮ ಸ್ಕೂಟರಿಗೆ ಏನೂ ಆಗಿರಲಿಲ್ಲ. ಈಗ ಅದು ಹಳೆಯದಾಗಿಬಿಟ್ಟಿದೆ.

ಕಣ್ಣಿಗೆ ಬಿದ್ದದ್ದು ಹಾರ, ನಿಂಬೆಹಣ್ಣು. ಬೀಳದ್ದು ಸಾಲ. ಎಂಟು ಲಕ್ಷ ರೂಪಾಯಿ, ಶೇ 9.5 ಬಡ್ಡಿ, ಏಳು ವರ್ಷ ಅಂತಿಟ್ಟುಕೊಂಡರೆ ತಿಂಗಳ ಕಂತು ಸುಮಾರು 13,075 ರೂ. ಸಾಲ ತೀರುವ ಹೊತ್ತಿಗೆ ಕಟ್ಟಿದ ಬಡ್ಡಿಯೇ ಹತ್ತಿರ ಹತ್ತಿರ ಮೂರು ಲಕ್ಷ. ಇಲ್ಲವೇ ಅವರು ಊರಿನ ಸೈಟು ಮಾರಿ ನಗದು ಕೊಟ್ಟಿರಬಹುದು, ಮಗಳು ಹೊರದೇಶದಿಂದ ಕಳಿಸಿರಬಹುದು. ನಮಗೆ ತಿಳಿಯುವುದಿಲ್ಲ. ಬೇರೆಯವರು ಕೊಂಡದ್ದು ಕಾಣುತ್ತದೆ, ಕೊಟ್ಟದ್ದು ಕಾಣುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಇಲ್ಲಿಗೆ ಸರಿಯಾಗಿ ಕೂರುತ್ತದೆ.

ಹೋಲಿಸಿಕೊಳ್ಳುವುದು ಕೆಟ್ಟ ಬುದ್ಧಿ ಅಂತ ಬೈದುಕೊಂಡು ಪ್ರಯೋಜನವಿಲ್ಲ. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಇದನ್ನು ವಿವರಿಸಿದ್ದರು: ಅಳೆಯಲು ಬೇರೆ ಅಳತೆಗೋಲು ಸಿಗದಾಗ ಮನುಷ್ಯ ತನ್ನನ್ನು ಇತರರ ಪಕ್ಕದಲ್ಲಿಟ್ಟು ಅಳೆದುಕೊಳ್ಳುತ್ತಾನೆ, ಅದೂ ತನ್ನಂತೆಯೇ ಇರುವವರ ಪಕ್ಕದಲ್ಲಿ. ಅದಕ್ಕೇ ಕೋಟ್ಯಧಿಪತಿಯ ಬಂಗಲೆ ನಮ್ಮ ನಿದ್ದೆ ಕೆಡಿಸುವುದಿಲ್ಲ, ನಮ್ಮಷ್ಟೇ ಸಂಬಳದ ಸಹೋದ್ಯೋಗಿಯ ಮಾಡ್ಯುಲರ್ ಕಿಚನ್ ಕೆಡಿಸುತ್ತದೆ. ನೆದರ್‌ಲೆಂಡ್ಸ್‌ನಲ್ಲಿ ಪಿನ್‌ಕೋಡ್ ಲಾಟರಿ ಅಂತ ಒಂದಿದೆ. ಒಂದು ಬೀದಿಯ ಪಿನ್‌ಕೋಡಿಗೆ ಬಹುಮಾನ ಬಂದರೆ ಅಲ್ಲಿ ಟಿಕೆಟ್ ಕೊಂಡಿದ್ದವರಿಗೆ ಹಣ, ಒಬ್ಬರಿಗೆ ಕಾರು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂಥ ಬೀದಿಗಳನ್ನು ಪರಿಶೀಲಿಸಿದಾಗ, ಟಿಕೆಟ್ಟೇ ಕೊಳ್ಳದಿದ್ದ, ಒಂದು ಪೈಸೆಯೂ ಬಾರದ ಪಕ್ಕದ ಮನೆಯವರ ಕಾರು ಖರೀದಿಯೂ ಹೆಚ್ಚಿತ್ತು.

ಹೋಲಿಕೆಯನ್ನು ತಲೆಯಿಂದ ಕಿತ್ತುಹಾಕಲಾಗದು. ಆದರೆ ನೋಡಿದ್ದಕ್ಕೂ ದುಡ್ಡು ಕೊಟ್ಟದ್ದಕ್ಕೂ ನಡುವೆ ಅಂತರ ಇಡಬಹುದು. ಕೆಳಗಿನ ಕೆಲಸಗಳೆಲ್ಲ ಆ ಅಂತರಕ್ಕಾಗಿ. ಲೆಕ್ಕ ತಿಳಿಯಲೆಂದು ಬೆಂಗಳೂರಿನಲ್ಲಿ ಕೈಗೆ 45,000 ರೂ. ಸಂಬಳ ಬರುವ ಮನೆಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ನಿಮ್ಮ ಅಂಕಿ ಹಾಕಿಕೊಂಡರಾಯಿತು.

ಮೊದಲ ಕೆಲಸ: ಮೂರು ತಿಂಗಳ ಸ್ಟೇಟ್‌ಮೆಂಟ್, ಎರಡು ಬಣ್ಣದ ಪೆನ್ನು

ಬ್ಯಾಂಕಿನ ಆ್ಯಪ್‌ನಿಂದ ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಂಡು ಪ್ರಿಂಟ್ ಹಾಕಿಸಿ. ಕ್ರೆಡಿಟ್ ಕಾರ್ಡ್ ಇದ್ದರೆ ಅದರದ್ದೂ ಬೇಕು. ಯುಪಿಐ ಪಾವತಿ ಯಾವುದಕ್ಕೆ ಹೋಯಿತೆಂದು ಸ್ಟೇಟ್‌ಮೆಂಟಿನಲ್ಲಿ ಎಷ್ಟೋ ಸಲ ಸ್ಪಷ್ಟವಾಗಿ ಕಾಣುವುದಿಲ್ಲವಾದ್ದರಿಂದ, ಯಾವುದು ಎಲ್ಲಿಗೆ ಹೋಯಿತೆಂದು ಫೋನಿನ ಯುಪಿಐ ಆ್ಯಪ್‌ನ ಹಿಸ್ಟರಿ ನೋಡಿ ಪಕ್ಕದಲ್ಲಿ ಬರೆದುಕೊಳ್ಳಿ. ಒಂದು ಭಾನುವಾರದ ಬೆಳಗ್ಗೆ ಬೇಕಾಗುತ್ತದೆ.

ಬಾಡಿಗೆ, ದಿನಸಿ, ಸ್ಕೂಲ್ ಫೀಸು, ಔಷಧಿ, ಕರೆಂಟು ಬಿಡಿ. ಉಳಿದವುಗಳಲ್ಲಿ 500 ರೂಪಾಯಿ ಮೀರಿದ ಪ್ರತಿಯೊಂದರ ಮುಂದೆ ಒಂದು ಗುರುತು ಹಾಕಿ:

ಬೇ: ಬೇಕಿತ್ತು, ಹಳೆಯದು ಕೆಟ್ಟಿತ್ತು ಅಥವಾ ಇರಲೇ ಇಲ್ಲ.
ಇ: ಬೇಕಿರಲಿಲ್ಲ, ಆದರೆ ನನಗೆ ನಿಜಕ್ಕೂ ಇಷ್ಟ.
ನೋ: ಇನ್ನೊಬ್ಬರ ಹತ್ತಿರ ನೋಡಿ ಬಂದ ಆಸೆ.
ಮಾ: ನಾಲ್ಕು ಜನರ ಮಾತಿಗೆ ಅಂಜಿ ಮಾಡಿದ್ದು.

ಕೊನೆಯೆರಡನ್ನು ಬೇರೆ ಬೇರೆ ಇಟ್ಟದ್ದಕ್ಕೆ ಕಾರಣವಿದೆ. ‘ನೋ’ ಆಸೆಯಿಂದ ಹುಟ್ಟುತ್ತದೆ, ಕಾದರೆ ತಣ್ಣಗಾಗುತ್ತದೆ. ‘ಮಾ’ ಭಯದಿಂದ ಹುಟ್ಟುತ್ತದೆ, ಕಾದಷ್ಟೂ ಹೆಚ್ಚುತ್ತದೆ. ಮದ್ದೂ ಬೇರೆ ಬೇರೆ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಎಲ್ಲದಕ್ಕೂ ‘ಬೇ’ ಬೀಳುತ್ತದೆ. ಮನಸ್ಸು ವಕೀಲಿ ಮಾಡುವುದರಲ್ಲಿ ಎತ್ತಿದ ಕೈ. ಅನುಮಾನ ಬಂದ ಸಾಲಿಗೆ ಈ ಪ್ರಶ್ನೆ ಕೇಳಿ: ‘ಇದನ್ನು ಯಾರಿಗೂ ತೋರಿಸುವಂತಿಲ್ಲ, ಸ್ಟೇಟಸ್ ಹಾಕುವಂತಿಲ್ಲ, ಬೆಲೆ ಹೇಳುವಂತಿಲ್ಲ ಅಂತಿದ್ದರೂ ಇಷ್ಟೇ ದುಡ್ಡು ಕೊಡುತ್ತಿದ್ದೆನಾ?’ ಕೊಳ್ಳುತ್ತಿದ್ದೆ, ಆದರೆ ಇದಕ್ಕಿಂತ ಕಡಿಮೆಯದ್ದನ್ನು ಎನ್ನಿಸಿದರೆ ಬೆಲೆಯನ್ನು ಒಡೆಯಿರಿ. 30,000ದ ಫೋನಿನಲ್ಲಿ 16,000 ‘ಬೇ’, ಉಳಿದ 14,000 ‘ನೋ’. ಹೀಗೆ ಒಡೆದು ಬರೆದಾಗಲೇ ನಿಜ ಹೊರಬೀಳುವುದು, ಏಕೆಂದರೆ ಹೋಲಿಕೆ ಬೇಡದ ವಸ್ತು ಕೊಡಿಸುವುದಕ್ಕಿಂತ ಬೇಕಾದ ವಸ್ತುವನ್ನೇ ಎರಡು ಮೆಟ್ಟಿಲು ಮೇಲಿನದ್ದು ಕೊಡಿಸುವುದು ಹೆಚ್ಚು.

ಗಂಡ ಹೆಂಡತಿ ಇದ್ದರೆ ಇಬ್ಬರೂ ಬೇರೆ ಬೇರೆ ಬಣ್ಣದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಗುರುತು ಹಾಕಿ. ಆಮೇಲೆ ಕೂತು ಮಾತಾಡುವಾಗ ನಿಯಮ ಒಂದೇ: ಅವರವರ ಖರ್ಚಿನ ಬಗ್ಗೆ ಅವರವರೇ ಬಾಯಿಬಿಡಬೇಕು. ‘ನಿನ್ನ ಸೀರೆ’, ‘ನಿಮ್ಮ ಶೂ’ ಶುರುವಾಯಿತೋ, ಸ್ಟೇಟ್‌ಮೆಂಟ್ ಮಡಿಚಿ ಎತ್ತಿಡಿ, ಮುಂದಿನ ಭಾನುವಾರ ನೋಡಿಕೊಂಡರಾಯಿತು.

ಎಟಿಎಂನಿಂದ ತೆಗೆದ ನಗದನ್ನು ಮರೆಯಬೇಡಿ. ಮದುವೆ, ಜಾತ್ರೆ, ಹಬ್ಬದ ಖರ್ಚು ಅಡಗಿ ಕೂರುವುದು ಅಲ್ಲಿಯೇ.

ಎಲ್ಲಿಂದ ಬಂತು ಈ ಆಸೆ?

‘ನೋ’ ಬಿದ್ದ ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಮೊದಲು ನೋಡಿದ್ದೆಲ್ಲಿ ಅಂತ ಬರೆಯಿರಿ: ವಾಟ್ಸ್‌ಆ್ಯಪ್ ಸ್ಟೇಟಸ್, ಇನ್‌ಸ್ಟಾಗ್ರಾಂ ರೀಲು, ಆಫೀಸಿನ ಊಟದ ಟೇಬಲ್, ಅಣ್ಣನ ಮನೆ ಗೃಹಪ್ರವೇಶ, ಮಗುವಿನ ಕ್ಲಾಸು, ಅಪಾರ್ಟ್‌ಮೆಂಟ್ ಲಿಫ್ಟು. ಬರೆದು ಮುಗಿಸಿದಾಗ ಸಾಮಾನ್ಯವಾಗಿ ಎರಡು ಮೂರು ಮೂಲಗಳೇ ಮತ್ತೆ ಮತ್ತೆ ಬಂದಿರುತ್ತವೆ. ಮುಚ್ಚಬೇಕಾದದ್ದು ಅಷ್ಟನ್ನೇ.

ವಾಟ್ಸ್‌ಆ್ಯಪ್‌ನಲ್ಲಿ ಆ ವ್ಯಕ್ತಿಯ ಸ್ಟೇಟಸ್ ಮೇಲೆ ಬೆರಳು ಒತ್ತಿ ಹಿಡಿದರೆ ಮ್ಯೂಟ್ ಮಾಡುವ ಆಯ್ಕೆ ಬರುತ್ತದೆ. ಮಾಡಿದ್ದು ಅವರಿಗೆ ತಿಳಿಯುವುದಿಲ್ಲ. ನಂಟರ ಗ್ರೂಪ್ ಬಿಟ್ಟು ಹೊರಬಂದರೆ ಅದೇ ದೊಡ್ಡ ಸುದ್ದಿಯಾಗುತ್ತದೆ, ಹಾಗಾಗಿ ಆರ್ಕೈವ್‌ಗೆ ತಳ್ಳಿ, ವಾರಕ್ಕೊಮ್ಮೆ ಇಣುಕಿ. ಇನ್‌ಸ್ಟಾಗ್ರಾಂನಲ್ಲೂ ಅನ್‌ಫಾಲೋ ಮಾಡದೆ ಮ್ಯೂಟ್ ಮಾಡಬಹುದು. ಶಾಪಿಂಗ್ ಆ್ಯಪ್‌ಗಳ ನೋಟಿಫಿಕೇಶನ್‌ನಲ್ಲಿ ಆರ್ಡರ್ ಮಾಹಿತಿ ಮಾತ್ರ ಉಳಿಸಿ, ಆಫರ್‌ಗಳದ್ದು ಆಫ್ ಮಾಡಿ. ಅಲ್ಲಿ ಸೇವ್ ಆಗಿರುವ ಕಾರ್ಡನ್ನೂ ಅಳಿಸಿ. ಎದ್ದು ಹೋಗಿ ಪರ್ಸು ತಂದು ಹದಿನಾರು ಅಂಕಿ ಒತ್ತುವ ಹೊತ್ತಿಗೆ ಎಷ್ಟೋ ಆಸೆಗಳು ಸೋಫಾದಲ್ಲೇ ಉಳಿದುಬಿಡುತ್ತವೆ.

ವೈರಾಗ್ಯ ಬಂದು ಆ್ಯಪ್‌ಗಳನ್ನೆಲ್ಲ ಒಂದೇ ದಿನ ಕಿತ್ತುಹಾಕುವುದು ಬೇಡ. ವಾರದೊಳಗೆ ಏನೋ ಒಂದು ತುರ್ತಿಗೆ ಮತ್ತೆ ಹಾಕಿಕೊಳ್ಳುತ್ತೀರಿ, ಆಗ ನೋಟಿಫಿಕೇಶನ್‌ಗಳೆಲ್ಲ ಮೊದಲಿನಂತೆ ಚಾಲೂ ಆಗಬಹುದು.

ಬೆಲೆಯನ್ನು ನಿಮ್ಮ ಅಳತೆಗೆ ತನ್ನಿ

30,000 ರೂ. ಎಂಬುದು ಅಂಗಡಿಯವನ ಅಳತೆ. ನಮ್ಮ ಉದಾಹರಣೆಯ ಮನೆಯಲ್ಲಿ ಸಂಬಳ 45,000. ಓಡಾಟಕ್ಕೆ, ಆಫೀಸಿನ ಊಟ ತಿಂಡಿಗೆ 4,500 ಕಳೆಯಿರಿ, ಉಳಿಯಿತು 40,500. ತಿಂಗಳಿಗೆ 22 ದಿನ, ದಿನಕ್ಕೆ ಒಂಬತ್ತು ಗಂಟೆ ಕೆಲಸ, ಎರಡು ಗಂಟೆ ಟ್ರಾಫಿಕ್ಕು. ಒಟ್ಟು 242 ಗಂಟೆ. ಗಂಟೆಗೆ ಸುಮಾರು 167 ರೂ. ಆ ಫೋನು ಹದಿನಾರು ದಿನದ ದುಡಿಮೆ.

ಇದಕ್ಕಿಂತ ಖಾರವಾದ ಇನ್ನೊಂದು ಲೆಕ್ಕವಿದೆ. ಎಲ್ಲ ಖರ್ಚು ಕಳೆದು ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು 6,000 ಆಗಿದ್ದರೆ ಆ ಫೋನು ಐದು ತಿಂಗಳ ಪೂರ್ತಿ ಉಳಿತಾಯ. ಸಂಬಳದ ಲೆಕ್ಕದಲ್ಲಿ ‘ತಿಂಗಳ ಸಂಬಳದಷ್ಟೂ ಇಲ್ಲವಲ್ಲ’ ಅನ್ನಿಸಿದ್ದು ಇಲ್ಲಿ ನಿಲ್ಲುವುದಿಲ್ಲ. ಒಂದೇ ಲೆಕ್ಕ ಹಾಕುವ ತಾಳ್ಮೆಯಿದ್ದರೆ ಇದನ್ನೇ ಹಾಕಿ.

‘ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿಯಿಲ್ಲ ಎಂದು ಹೇಳಿ ಕೊಡುವ ಕಂತಿನ ಬಗ್ಗೆ ಎರಡು ಮಾತು. ಶೂನ್ಯ ಬಡ್ಡಿ ಹೆಸರಿನ ಸ್ಕೀಮುಗಳಿಗೆ ರಿಸರ್ವ್ ಬ್ಯಾಂಕ್ 2013ರಲ್ಲೇ ತಡೆ ಹಾಕಿತ್ತು. ಈಗ ನಡೆಯುವುದು ಹೀಗೆ: ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಆ ಬಡ್ಡಿಯಷ್ಟನ್ನು ಮಾರುವವರು ಬೆಲೆಯಲ್ಲಿ ಮೊದಲೇ ಇಳಿಸಿ ತೋರಿಸುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಿ 30,000ಕ್ಕೆ ಆರು ತಿಂಗಳು, ಶೇ 16 ಬಡ್ಡಿ ಎಂದರೆ ಸುಮಾರು 1,350 ರೂ. ಬಡ್ಡಿ. ಅದು ಬೆಲೆಯಲ್ಲಿ ಇಳಿಯಿತು ನಿಜ, ಆದರೆ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಸುಮಾರು 240 ರೂ., ನಿಮ್ಮ ತಲೆಗೆ. ಅದರ ಮೇಲೆ ಪ್ರೊಸೆಸಿಂಗ್ ಶುಲ್ಕ. ಒಂದೇ ಸಲ ಕೊಟ್ಟವರಿಗೆ ಸಿಗುವ ರಿಯಾಯಿತಿ ನಿಮಗೆ ಸಿಗದೇ ಹೋಗಬಹುದು. ಮೊತ್ತ ದೊಡ್ಡದಲ್ಲ, ಒಪ್ಪಿದೆ. ಪೆಟ್ಟು ಬೀಳುವುದು ಬೇರೆ ಕಡೆ: 5,000 ಕಂತು ಎಂದಾಗ 30,000 ಕಣ್ಣಿಂದ ಮರೆಯಾಗುತ್ತದೆ, ಅದು ತೀರುವ ಮೊದಲೇ ವಾಷಿಂಗ್ ಮಷೀನಿನ ಕಂತು ಮೇಲೇರುತ್ತದೆ. ಗೃಹಸಾಲ ಬಿಟ್ಟು ಬೇರೆ ಕಂತುಗಳೆಲ್ಲ ಸೇರಿ ಕೈಗೆ ಬರುವ ಸಂಬಳದ ಹತ್ತನೇ ಒಂದು ಭಾಗ ದಾಟಬಾರದು ಎಂಬ ಗೆರೆ ಹಾಕಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ 4,500. ಆ ಫೋನಿನ ಕಂತೊಂದೇ ಗೆರೆ ದಾಟಿತು.

ಕಾರ್ಡಿನಲ್ಲಿ ಈಗಾಗಲೇ ಬಾಕಿ ಇದ್ದು ‘ಮಿನಿಮಮ್ ಡ್ಯೂ’ (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟುತ್ತಿದ್ದರೆ ಉಳಿದುದನ್ನೆಲ್ಲ ಬದಿಗಿಟ್ಟು ಮೊದಲು ಅದನ್ನು ತೀರಿಸಿ. ತಿಂಗಳಿಗೆ ಶೇ 3.5ರಂತೆ ಬಡ್ಡಿ ಬಿದ್ದರೆ ವರ್ಷಕ್ಕೆ ಶೇ 42.

ಕಾಯುವ ಪುಸ್ತಕ

ನಲವತ್ತು ಹಾಳೆಯ ಒಂದು ನೋಟ್‌ಬುಕ್ ಸಾಕು. ಕೊಳ್ಳಬೇಕೆನ್ನಿಸಿದ್ದನ್ನು ಇದರಲ್ಲಿ ಬರೆಯಿರಿ: ತಾರೀಕು, ವಸ್ತು, ಬೆಲೆ, ಎಲ್ಲಿ ನೋಡಿದ್ದು, ಯಾರ ಹತ್ತಿರ ಇದೆ. 500ರಿಂದ 2,000 ರೂ.ವರೆಗಿನದ್ದಕ್ಕೆ ಎರಡು ದಿನ, 10,000ದವರೆಗೆ ಹತ್ತು ದಿನ, 50,000ದವರೆಗೆ ಒಂದು ತಿಂಗಳು, ಅದಕ್ಕೂ ಮೇಲಿನದ್ದಕ್ಕೆ ಮೂರು ಸಂಬಳ ಕಳೆಯುವವರೆಗೆ ಕಾಯಬೇಕು. ಅವಧಿ ಮುಗಿದ ಮೇಲೂ ಬೇಕೆನ್ನಿಸಿದರೆ, ದುಡ್ಡೂ ಇದ್ದರೆ, ಹೋಗಿ ಕೊಂಡುಬನ್ನಿ. ಕೊಂಡಮೇಲೆ ಕೊರಗಬಾರದು.

ಶಾಪಿಂಗ್ ಆ್ಯಪ್‌ನ ಕಾರ್ಟ್‌ನಲ್ಲಿ ಹಾಕಿಟ್ಟು ಕಾಯುವುದು ಕಾಯುವುದಲ್ಲ. ಕಾರ್ಟು ಸುಮ್ಮನಿರುವುದಿಲ್ಲ, ಬೆಲೆ ಇಳಿದಿದೆ, ಎರಡೇ ಉಳಿದಿವೆ ಅಂತ ಕರೆಯುತ್ತಲೇ ಇರುತ್ತದೆ. ಕಾಗದ ಕರೆಯುವುದಿಲ್ಲ.

ಹಬ್ಬದ ಸೇಲ್ ಬಂದಾಗ ಈ ಪದ್ಧತಿ ಮುರಿಯುತ್ತದೆ, ‘ಈಗ ಬಿಟ್ಟರೆ ಈ ಬೆಲೆಗೆ ಸಿಗಲ್ಲ’ ಅನ್ನಿಸಿ. ಅದಕ್ಕೊಂದು ನಿಯಮ: ಸೇಲ್ ಶುರುವಾಗುವ 30 ದಿನ ಮೊದಲೇ ಪುಸ್ತಕದಲ್ಲಿ ಇದ್ದದ್ದಕ್ಕೆ ಮಾತ್ರ ಅವಕಾಶ. ಕೆಟ್ಟುಹೋದ ಫ್ರಿಜ್ಜು, ಒಡೆದ ಕನ್ನಡಕ ಈ ಪುಸ್ತಕಕ್ಕೆ ಬರುವುದೇ ಇಲ್ಲ, ಅವುಗಳಿಗೆ ಕಾಯಬೇಡಿ. ಹಾಗೆಯೇ ಸೋಫಾದಂಥದ್ದನ್ನು ಬರೆಯುವಾಗ ಅದರ ಬೆನ್ನಿಗೆ ಬರುವ ಕರ್ಟನ್, ಟೀಪಾಯಿ, ಗೋಡೆಯ ಪೇಂಟು ಎಲ್ಲದರ ಬೆಲೆಯನ್ನೂ ಸೇರಿಸಿ ಒಂದೇ ಮೊತ್ತ ಬರೆಯಿರಿ. ಸೋಫಾ ಒಂಟಿಯಾಗಿ ಬಂದ ಮನೆ ಕಡಿಮೆ.

ಮುಯ್ಯಿ, ಬಾಗಿನ, ರಿಟರ್ನ್ ಗಿಫ್ಟ್

ಈವರೆಗಿನದ್ದು ‘ನೋ’ಗೆ ಮದ್ದು. ‘ಮಾ’ ಇನ್ನೂ ಗಟ್ಟಿ, ಏಕೆಂದರೆ ಅಲ್ಲಿ ಇರುವುದು ವಸ್ತುವಲ್ಲ, ಸಂಬಂಧ.

ಮದುವೆ ಮನೆಯ ಮುಯ್ಯಿ ನೋಡಿ. ಟೇಬಲ್ ಹಾಕಿಕೊಂಡು ಒಬ್ಬರು ಪುಸ್ತಕದಲ್ಲಿ ಹೆಸರು, ಊರು, ಮೊತ್ತ ಬರೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಬಟ್ಟೆಬರೆಯ ಆಯೇರಿಯೂ ಸೇರುತ್ತದೆ. ಇದನ್ನು ಒಣ ಆಡಂಬರ ಅಂತ ತಳ್ಳಿಹಾಕುವವರು ಇದರ ಒಳಗಿನ ಉಪಕಾರವನ್ನು ಕಂಡಿಲ್ಲ. ಒಂದು ಮನೆಗೆ ಒಮ್ಮೆಲೇ ದೊಡ್ಡ ಖರ್ಚು ಬಂದಾಗ ಊರೇ ಚಂದಾ ಹಾಕಿ ಎತ್ತಿಹಿಡಿಯುವ ಏರ್ಪಾಡು ಅದು, ಸರದಿ ಬಂದಾಗ ನಿಮಗೂ ಸಿಗುತ್ತದೆ. ಕೆಡುವುದು ಎಲ್ಲಿ ಎಂದರೆ, ಕಲ್ಯಾಣಮಂಟಪದ ಅಲಂಕಾರ ನೋಡಿ ಕವರಿನೊಳಗೆ ಇನ್ನೊಂದು ನೋಟು ಸೇರಿಸುವಲ್ಲಿ.

ವರ್ಷದ ಆರಂಭದಲ್ಲೇ ಮೂರು ದರ್ಜೆ ಬರೆದಿಟ್ಟುಕೊಳ್ಳಿ: ಒಡಹುಟ್ಟಿದವರ ಮಕ್ಕಳು, ಹತ್ತಿರದ ನಂಟರು ಮತ್ತು ಸ್ನೇಹಿತರು, ಪರಿಚಯದವರು. ಪ್ರತಿ ದರ್ಜೆಗೂ ಒಂದು ಮೊತ್ತ, ಉದಾಹರಣೆಗೆ 5,001, 1,001, 501. ಮೊತ್ತ ನಿರ್ಧಾರವಾಗುವುದು ನಂಟಿನಿಂದ, ಮಂಟಪದಿಂದಲ್ಲ. ನಿಮ್ಮ ಮನೆಯ ಮುಯ್ಯಿ ಪುಸ್ತಕ ತೆರೆದು ಅವರು ನಿಮಗೆ ಹಾಕಿದ್ದೆಷ್ಟು ನೋಡಿ. ಅದಕ್ಕಿಂತ ಕಡಿಮೆ ಹಾಕಬೇಡಿ, ಮನಸ್ತಾಪಕ್ಕೆ ದಾರಿ. ಆದರೆ ಏರಿಸಲೇಬೇಕೆಂಬ ಕಟ್ಟಳೆಯೂ ಇಲ್ಲ. ಹಳೆಯ ಕಾಲದ ಮುಯ್ಯಿಯಾದರೆ ನಿಮ್ಮ ದರ್ಜೆಯ ಮೊತ್ತ ಹಾಕಿದರಾಯಿತು. ಲಗ್ನಪತ್ರಿಕೆ ಕೈಗೆ ಬಂದ ದಿನವೇ ಕವರಿಗೆ ದುಡ್ಡು ಹಾಕಿ ಅಂಟಿಸಿಬಿಡಿ. ಮಂಟಪದ ಬಾಗಿಲಲ್ಲಿ ಅಂಟು ಕಿತ್ತು ಇನ್ನೊಂದು ನೋಟು ತುರುಕಲು ಯಾರಿಗೂ ಮನಸ್ಸಾಗದು.

ವರಮಹಾಲಕ್ಷ್ಮಿ ಹಬ್ಬದ್ದು ಇನ್ನೊಂದು ಬಗೆ. ಶ್ರಾವಣದ ಹುಣ್ಣಿಮೆಗೆ ಮುಂಚಿನ ಆ ಶುಕ್ರವಾರ ಬೆಳಿಗ್ಗೆ ಹತ್ತರೊಳಗೆ ಫೋನಿನ ತುಂಬ ಅಲಂಕಾರದ ಫೋಟೋಗಳು. ಒಂದು ಹಾಳೆಯಲ್ಲಿ ಎರಡು ಕಲಂ ಮಾಡಿ. ಎಡಗಡೆ ವ್ರತಕ್ಕೆ ಬೇಕಾದದ್ದು: ಕಳಶ, ತೆಂಗಿನಕಾಯಿ, ಮಾವಿನೆಲೆ ಅಥವಾ ವೀಳ್ಯದೆಲೆ, ಅಕ್ಕಿ, ರವಿಕೆ ಕಣ, ಹೂವು, ಹಣ್ಣು, ನೈವೇದ್ಯ, ದಾರ. ಬಲಗಡೆ ಫೋಟೋಕ್ಕೆ ಬೇಕಾದದ್ದು: ಹಿಂದಿನ ಪರದೆಯ ಸ್ಟ್ಯಾಂಡು, ಸೀರೆ ಉಡಿಸುವ ಗೊಂಬೆ, ಲೈಟಿನ ಸರ, ಈ ವರ್ಷದ ಹೊಸ ಮುಖವಾಡ. ಬಲಗಡೆಯದ್ದು ತಪ್ಪು ಅಂತಲ್ಲ. ಅದು ಭಕ್ತಿಯ ಲೆಕ್ಕಕ್ಕೆ ಬರೆಯುವುದು ಬೇಡ, ಅಷ್ಟೆ. ಹಬ್ಬದ ಹಿಂದಿನ ದಿನ ಹೂವಿನ ಬೆಲೆ ಗಗನಕ್ಕೇರುತ್ತದೆ, ಕನಕಾಂಬರ ಕೆ.ಜಿ.ಗೆ ಸಾವಿರ ದಾಟುವುದು ಮಾಮೂಲು. ಆ ದಿನ ಕನಕಾಂಬರ ಒಂದೆರಡು ಮೊಳ ಸಾಕು, ಉಳಿದದ್ದನ್ನು ಸೇವಂತಿಗೆ, ತುಳಸಿ, ಮನೆಯ ಹೂವಿನಲ್ಲಿ ತುಂಬಿಸಬಹುದು.

ಅರಿಶಿನ ಕುಂಕುಮಕ್ಕೆ ಬಂದವರಿಗೆ ಕೊಡುವ ತಾಂಬೂಲದ ಮೇಲೂ ಕಣ್ಣಿರಲಿ. ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ರವಿಕೆ ಕಣ ಇದ್ದಲ್ಲಿಗೆ ಜರ್ಮನ್ ಸಿಲ್ವರ್ ಬಟ್ಟಲು ಬಂದು ಕೂತಿದೆ. ಒಂದಕ್ಕೆ 150 ರೂ. ಎಂದರೂ ಮೂವತ್ತು ಮುತ್ತೈದೆಯರಿಗೆ 4,500. ಕಳೆದ ವರ್ಷ ನಿಮಗೆ ಬಂದ ಬಟ್ಟಲುಗಳು ಎಲ್ಲಿವೆ ಅಂತ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಒಮ್ಮೆ ನೋಡಿ ಬಂದು ನಿರ್ಧರಿಸಿ.

ಮಕ್ಕಳ ಹುಟ್ಟುಹಬ್ಬದ ರಿಟರ್ನ್ ಗಿಫ್ಟ್‌ಗೂ ಇದೇ ಮಾತು. ಅಪಾರ್ಟ್‌ಮೆಂಟಿನ ಮೂರ್ನಾಲ್ಕು ಮನೆಯವರು ‘ಐವತ್ತು ರೂಪಾಯಿ ಮೀರುವುದು ಬೇಡ’ ಅಂತ ಮಾತಾಡಿಕೊಂಡರೆ ಎಲ್ಲರಿಗೂ ಉಸಿರು. ಯಾರಾದರೂ ಬಾಯಿಬಿಟ್ಟು ಮೊದಲು ಹೇಳಬೇಕು, ಉಳಿದವರು ಅದಕ್ಕೇ ಕಾಯುತ್ತಿರುತ್ತಾರೆ.

ಕೇಳಿದವರಿಗೆ ಏನು ಹೇಳುವುದು

ಉತ್ತರ ಮೊದಲೇ ತಯಾರಿರಬೇಕು. ಬಾಯಿ ತಡವರಿಸಿದಾಗಲೇ ಕೈ ಪರ್ಸಿಗೆ ಹೋಗುವುದು.

‘ಏನಪ್ಪಾ, ಇನ್ನೂ ಅದೇ ಗಾಡೀನಾ?’
‘ಹ್ಞೂಂ ಅತ್ತೆ, ಚೆನ್ನಾಗೇ ಓಡ್ತಿದೆ. ನಿಮ್ಮ ಹೊಸ ಕಾರು ಮೈಲೇಜ್ ಎಷ್ಟು ಕೊಡ್ತಿದೆ?’

ಅಷ್ಟೇ. ಕೊಂಡವರಿಗೆ ಕೊಂಡದ್ದರ ಬಗ್ಗೆ ಮಾತಾಡುವ ಆಸೆ, ನಿಮ್ಮ ಗಾಡಿ ಮರೆತುಹೋಗುತ್ತದೆ. ಸಾಲದ ಕೆಡುಕಿನ ಬಗ್ಗೆ ಅಲ್ಲಿ ಉಪನ್ಯಾಸ ಕೊಡಬೇಡಿ. ‘ನಾವು ಇಂಥದ್ದಕ್ಕೆಲ್ಲ ದುಡ್ಡು ಹಾಕೋರಲ್ಲ’ ಎನ್ನುವುದೂ ಹೋಲಿಕೆಯೇ, ತಲೆಕೆಳಗು ಮಾಡಿದ್ದು.

ಮಕ್ಕಳಿಗೆ ‘ನಮ್ಮ ಹತ್ತಿರ ದುಡ್ಡಿಲ್ಲ’ ಎನ್ನಬೇಡಿ. ಅದು ನಿಜವಲ್ಲದಿದ್ದರೆ ಮುಂದಿನ ವಾರ ಹೋಟೆಲಿಗೆ ಹೋದಾಗ ಸಿಕ್ಕಿಬೀಳುತ್ತೀರಿ. ‘ಈ ತಿಂಗಳ ಪಟ್ಟಿಯಲ್ಲಿಲ್ಲ ಕಣೋ, ಪುಸ್ತಕದಲ್ಲಿ ಬರಿ, ಮುಂದಿನ ತಿಂಗಳು ನೋಡೋಣ’ ಅನ್ನಿ. ಬರೆಯುವುದನ್ನು ಅವರ ಕೈಯಲ್ಲೇ ಮಾಡಿಸಿ. ಹತ್ತು ವರ್ಷ ದಾಟಿದವರಿಗೆ ವಾರಕ್ಕೆ ಇಷ್ಟು ಅಂತ ಕೊಟ್ಟು, ಅದರೊಳಗೆ ಏನು ಬೇಕಾದರೂ ಮಾಡಿಕೊಳ್ಳಲು ಬಿಟ್ಟರೆ ಗೆಳೆಯನ ಪೆನ್ಸಿಲ್ ಬಾಕ್ಸಿನ ಬೆಲೆ ಅವರಿಗೇ ತಿಳಿಯುತ್ತದೆ.

ಉಳಿದ ದುಡ್ಡಿಗೆ ಹೆಸರಿಡಿ

ಸಂಬಳ ಬಂದ ಮರುದಿನವೇ ಉಳಿಸುವ ದುಡ್ಡು ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಬ್ಯಾಂಕ್ ಠೇವಣಿ) ಹೋಗುವಂತೆ ಮಾಡಿ, ಅದಕ್ಕೊಂದು ಹೆಸರಿಡಿ: ‘ಅಮ್ಮನ ಕಣ್ಣಿನ ಆಪರೇಷನ್’, ‘ಹಂಪಿ ಪ್ರವಾಸ’. ತಿಂಗಳಿಗೆ 3,000ದಂತೆ ಎರಡು ವರ್ಷ, ಶೇ 6.5 ಬಡ್ಡಿಗೆ ಸುಮಾರು 77,000 ಕೈಗೆ ಬರುತ್ತದೆ. ಬರೀ ‘ಸೇವಿಂಗ್ಸ್’ ಎಂಬುದು ಎದುರು ಮನೆಯ ಕಾರಿನ ಮುಂದೆ ಸೋಲುತ್ತದೆ, ಅಮ್ಮನ ಕಣ್ಣು ಸೋಲುವುದಿಲ್ಲ.

ಜೊತೆಗೆ ದೊಡ್ಡವರಿಗೆ ತಲಾ 1,000 ರೂ. ತಿಂಗಳಿಗೆ, ಲೆಕ್ಕ ಕೇಳದ ದುಡ್ಡು. ಅದನ್ನು ಹೋಲಿಕೆಗೇ ಸುರಿದರೂ ಯಾರೂ ಪ್ರಶ್ನಿಸುವಂತಿಲ್ಲ. ಈ ಸಡಿಲ ಇಲ್ಲದ ಮನೆಗಳಲ್ಲಿ ಯೋಜನೆ ಬೇಗ ಮುರಿಯುತ್ತದೆ, ಮುರಿದಾಗ ದೊಡ್ಡದಾಗಿಯೇ ಮುರಿಯುತ್ತದೆ.

ಸಾಲವನ್ನು ಮನೆಯವರಿಂದ ಮುಚ್ಚಿಡುವ ಹಂತ ತಲುಪಿದ್ದರೆ, ಒಂದು ಲೋನ್ ಆ್ಯಪ್‌ನ ಬಾಕಿ ಕಟ್ಟಲು ಇನ್ನೊಂದರಿಂದ ತೆಗೆಯುತ್ತಿದ್ದರೆ, ಪುಸ್ತಕ ಪೆನ್ನಿನಿಂದ ಆಗುವ ಕೆಲಸವಲ್ಲ ಅದು. ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಬ್ಯಾಂಕಿನಲ್ಲಿ ಕಂತು ಮರುಹೊಂದಿಸಲು ಕೇಳಿ. ಮನಸ್ಸು ಕುಸಿದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮೂರು ತಿಂಗಳು ಕಳೆದ ಮೇಲೆ ಮತ್ತೆ ಸ್ಟೇಟ್‌ಮೆಂಟ್ ಇಳಿಸಿ, ಅದೇ ನಾಲ್ಕು ಗುರುತು ಹಾಕಿ. ‘ನೋ’ ಮತ್ತು ‘ಮಾ’ ಸೇರಿ ಅರ್ಧಕ್ಕಿಳಿದಿದ್ದರೆ ಚೆನ್ನಾಗಿ ನಡೆದಿದೆ. ಸೊನ್ನೆಗೆ ಬಂದಿದ್ದರೆ ಗುರುತು ಹಾಕುವಾಗ ಎಲ್ಲೋ ಸುಳ್ಳು ಹೇಳಿದ್ದೀರಿ. ಪೆನ್ನನ್ನು ಮನೆಯ ಇನ್ನೊಬ್ಬರ ಕೈಗೆ ಕೊಟ್ಟು ನೋಡಿ.